ಒಂದು ಸಹಿ ಬಾಕಿ

ಮೈಸೂರಿಂದ ಹುಣಸೂರು ರಸ್ತೆ ಹಿಡಿದು ಹೊರಟರೆ ಇಲವಾಲ ದಾಟಿ ಬಿಳಿಕೆರೆ ತನಕ ಕಣ್ಣಿಗೆ ಬೀಳೋದೆಲ್ಲ ಲೇಔಟಿನ ಬೋರ್ಡುಗಳೇ. ದೊಡ್ಡ ಕಮಾನು, ಅದರ ಮೇಲೊಂದು ಇಂಗ್ಲಿಷ್ ಹೆಸರು, ಒಳಗೆ ಖಾಲಿ ಟಾರು ರಸ್ತೆ, ಸಾಲಾಗಿ ನೆಟ್ಟ ಸೈಟು ಕಲ್ಲುಗಳು, ಕಲ್ಲಿನ ನಡುವೆ ಎದೆಮಟ್ಟ ಬೆಳೆದ ಪಾರ್ಥೇನಿಯಂ. ಅಲ್ಲಲ್ಲಿ, ಈ ಕಲ್ಲುಗಳ ಮಧ್ಯೆ ಇದ್ದಕ್ಕಿದ್ದಂತೆ ಒಂದು ತುಂಡು ರಾಗಿ ಹೊಲ, ನಾಲ್ಕು ತೆಂಗಿನಮರ, ಒಂದು ಹೆಂಚಿನ ಮನೆ ಬರುತ್ತೆ. ಕಾಂಪೌಂಡು ಅಲ್ಲಿಗೆ ಬಂದು ಗಕ್ಕನೆ ತಿರುಗಿ, ಸುತ್ತಿ ಬಳಸಿ ಮುಂದೆ ಹೋಗುತ್ತೆ. ಬಸ್ಸಿನಲ್ಲಿ ಕೂತವರು ಅದನ್ನ ನೋಡಿ ‘ಯಾರೋ ಕೊಡಲ್ಲ ಅಂದಿರಬೇಕು’ ಅಂತ ಹೇಳಿ ಸುಮ್ಮನಾಗ್ತಾರೆ.

ಈ ‘ಕೊಡಲ್ಲ’ ಅಂದವರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅಂಥವರೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ.

ನಮ್ಮೂರು ಬಿಳಿಕೆರೆಯಿಂದ ಕೆ.ಆರ್.ನಗರದ ಕಡೆ ಹೋಗುವ ದಾರಿಯಲ್ಲಿದೆ. ಊರಿನ ಹೆಸರು ಬೇಡ ಬಿಡಿ, ಊರಿನವರೂ ಇದನ್ನ ಓದ್ತಾರೆ :-) ರಸ್ತೆಗೆ ತಾಗಿಕೊಂಡ ಹಾಗೆ ತಾತನ ಜಮೀನು, 3 ಎಕರೆ 12 ಗುಂಟೆ. ತಾತ ಅದನ್ನ ದುಡ್ಡು ಕೊಟ್ಟು ಕೊಂಡದ್ದಲ್ಲ. ಗೇಣಿಗೆ ಉಳುತ್ತಿದ್ದದ್ದು. 1974ರಲ್ಲಿ ದೇವರಾಜ ಅರಸರು ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಾಗ, ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು. ಉಳುತ್ತಿದ್ದವನು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅವನ ಹೆಸರಿಗೆ ಮಾಡಬೇಕು. ಅರಸರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ಹುಣಸೂರಿನಿಂದ ಮತ್ತೆ ಮತ್ತೆ ಗೆದ್ದವರು. ಹಾಗಾಗಿ ನಮ್ಮ ಕಡೆ ಈಗಲೂ ಎಷ್ಟೋ ಜನ ವಯಸ್ಸಾದವರು ‘ಅರಸು ಕೊಟ್ಟ ಜಮೀನು’ ಅಂತಲೇ ಹೇಳೋದು. ಅತ್ತೆಗೆ ಆಗ ಹನ್ನೆರಡು ವರ್ಷ ಇರಬೇಕು. ವಿಚಾರಣೆಯ ದಿನ ತಾತನ ಜೊತೆ ಹುಣಸೂರಿಗೆ ನಡೆದುಕೊಂಡು ಹೋಗಿ, ಕಚೇರಿ ಮುಂದಿನ ಮರದ ಕೆಳಗೆ ರಾಗಿರೊಟ್ಟಿ ಬುತ್ತಿ ಹಿಡಿದುಕೊಂಡು ಕೂತಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ತಾತ ಹೊರಗೆ ಬಂದವನು ಏನೂ ಮಾತಾಡಲಿಲ್ಲವಂತೆ. ಬುತ್ತಿ ಬಿಚ್ಚಿ ತಿಂದು, ‘ನಡಿ, ನಮ್ಮ ಹೊಲಕ್ಕೆ ಹೋಗಾನ’ ಅಂದನಂತೆ. ಅಲ್ಲಿ ತನಕ ಅದನ್ನ ‘ಗೌಡರ ಹೊಲ’ ಅನ್ನುತ್ತಿದ್ದನಂತೆ.

ಅತ್ತೆಯನ್ನ ಪಿರಿಯಾಪಟ್ಟಣದ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ಮಾವ ಬೇಗ ತೀರಿಕೊಂಡರು. ಒಬ್ಬಳೇ ಮಗಳನ್ನ ಕಟ್ಟಿಕೊಂಡು ತವರಿಗೆ ವಾಪಸ್ ಬಂದ ಅತ್ತೆ, ಹೊಲದ ಮನೆಯಲ್ಲೇ ಉಳಿದರು. ಮಗಳನ್ನ ಎಚ್.ಡಿ.ಕೋಟೆಗೆ ಕೊಟ್ಟಾಯ್ತು. ಈಗ ಅತ್ತೆ, ಎರಡು ಸೀಮೆಹಸು, ಬೆಳಗ್ಗೆ ಸಂಜೆ ಡೈರಿಗೆ ಹಾಲು. ಅಷ್ಟೇ ಸಂಸಾರ.

*

ಇನ್ನು ಲೇಔಟಿನವರ ಕಥೆಗೆ ಬರೋಣ.

ಮೊದಲೆಲ್ಲ ಬೇಸಾಯ ಮಾಡದವರು ನಮ್ಮ ರಾಜ್ಯದಲ್ಲಿ ಹೊಲ ಕೊಳ್ಳೋದು ಸುಲಭ ಇರಲಿಲ್ಲ. ಅದೇ ಭೂಸುಧಾರಣೆ ಕಾಯ್ದೆಯಲ್ಲಿ 79ಎ, 79ಬಿ ಅಂತ ಎರಡು ಕಲಂ ಇದ್ದವು. ಬೇಸಾಯವಲ್ಲದ ವರಮಾನ ಇಂತಿಷ್ಟಕ್ಕಿಂತ ಜಾಸ್ತಿ ಇದ್ದವರು ಕೊಳ್ಳುವ ಹಾಗಿಲ್ಲ (2015ರಲ್ಲಿ ಆ ಮಿತಿಯನ್ನ 25 ಲಕ್ಷಕ್ಕೆ ಏರಿಸಿದರು), ಬೇಸಾಯಗಾರರಲ್ಲದವರು ಕೊಳ್ಳುವ ಹಾಗಿಲ್ಲ. ಕಳ್ಳದಾರಿಗಳು ಆಗಲೂ ಇದ್ದವು ಅನ್ನಿ. ಆದರೂ ಬೇಲಿ ಅಂತ ಒಂದಿತ್ತು. 2020ರಲ್ಲಿ, ಕೊರೊನಾ ಗಲಾಟೆಯ ನಡುವೆ, ಆ ಕಲಂಗಳನ್ನೇ ತೆಗೆದು ಹಾಕಿದರು. ಅದರ ಮೇಲೆ ಮೈಸೂರು–ಕುಶಾಲನಗರದ ನಡುವೆ 92 ಕಿಲೋಮೀಟರ್ ಚತುಷ್ಪಥ ರಸ್ತೆ, 4,130 ಕೋಟಿ ರೂಪಾಯಿ ಯೋಜನೆ. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ಅದಕ್ಕೆ ಶಂಕುಸ್ಥಾಪನೆ ಮಾಡಿದರು. ಅಲ್ಲಿಂದ ಮುಂದೆ ಬ್ರೋಕರುಗಳು ನಮ್ಮೂರ ಟೀ ಅಂಗಡಿಯಲ್ಲೇ ಬೀಡುಬಿಟ್ಟರು.

ನಮ್ಮ ಅಕ್ಕಪಕ್ಕದ ಜಮೀನುಗಳು ಒಂದೊಂದಾಗಿ ಹೋದವು. ಉಳಿದದ್ದು ನಮ್ಮದು. ಲೇಔಟಿನವರಿಗೆ ನಮ್ಮದು ಯಾಕೆ ಅಷ್ಟು ಬೇಕಿತ್ತು ಅಂದರೆ, ರಸ್ತೆಗೆ ಮುಖ ಇರೋದು ನಮ್ಮ ಜಮೀನಿಗೆ. ಕಮಾನು ನಿಲ್ಲಿಸೋಕೆ ಸರಿಯಾದ ಜಾಗ ಅಂದರೆ ಅತ್ತೆಯ ಕೊಟ್ಟಿಗೆ ಇರೋ ಜಾಗ!

ಅವರು ಹೇಳಿದ ರೇಟು ಗುಂಟೆಗೆ 1 ಲಕ್ಷ 75 ಸಾವಿರ. ನಾನು ಇಂಜಿನಿಯರ್ ಬುದ್ಧಿ, ಲೆಕ್ಕ ಹಾಕಿದೆ. ಮೂರು ಪಾಲು, ಒಬ್ಬೊಬ್ಬರಿಗೆ 44 ಗುಂಟೆ, ಅಂದರೆ ತಲಾ 77 ಲಕ್ಷ. ಅವರ ಕಡೆಯ ಲೆಕ್ಕವನ್ನೂ ಹಾಕಿದೆ. ಒಂದು ಗುಂಟೆಗೆ 1,089 ಚದರಡಿ. 44 ಗುಂಟೆಯಲ್ಲಿ ರಸ್ತೆ, ಪಾರ್ಕು, ಅದು ಇದು ಅಂತ ಅರ್ಧ ಬಿಟ್ಟರೂ 30–40ರ ಹತ್ತಿರ ಹತ್ತಿರ ಇಪ್ಪತ್ತು ಸೈಟು ಆಗುತ್ತೆ. ಎರಡೂ ಕಡೆಗೆ ಲಾಭ ಇರುವ ವ್ಯಾಪಾರವೇ. ಸಹಿ ಮಾತ್ರ ಮೂರು ಬೇಕು. ಅಪ್ಪ, ಚಿಕ್ಕಪ್ಪ, ಅತ್ತೆ.

ಇಲ್ಲಿ ಒಂದು ಮಾತು ಹೇಳಬೇಕು. ಹಿಂದಿನ ಕಾಲವಾಗಿದ್ದರೆ ಅತ್ತೆಯ ಸಹಿಯನ್ನ ಯಾರೂ ಕೇಳುತ್ತಲೇ ಇರಲಿಲ್ಲ. ಮದುವೆ ಮಾಡಿಕೊಟ್ಟ ಹೆಣ್ಣುಮಗಳು, ಅರಿಶಿನ ಕುಂಕುಮ ಕೊಟ್ಟರೆ ಆಯ್ತು ಅನ್ನೋ ಲೆಕ್ಕ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕಾನೂನು ಬಂದರೂ, ಅಷ್ಟು ಹೊತ್ತಿಗೆ ಮದುವೆಯಾಗಿದ್ದವರು ಅದರಿಂದ ಹೊರಗೆ. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದ ತೆಗೀತು. ತಂದೆ ಆ ಹೊತ್ತಿಗೆ ಬದುಕಿರಬೇಕಿತ್ತಾ ಇಲ್ಲವಾ ಅನ್ನೋ ಜಗಳಕ್ಕೆ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ವಿನೀತಾ ಶರ್ಮಾ ಪ್ರಕರಣದಲ್ಲಿ, ಬದುಕಿರಬೇಕಿಲ್ಲ ಅಂತ ತೆರೆ ಎಳೆಯಿತು. ಬಾಯಿಮಾತಿನಲ್ಲಿ ಪಾಲಾಗಿದೆ ಅಂದರೆ ಸಾಮಾನ್ಯವಾಗಿ ಒಪ್ಪಲ್ಲ ಅಂತಲೂ ಹೇಳಿತು. ನಮ್ಮದೂ ಬಾಯಿಮಾತಿನ ಪಾಲೇ. ಪಹಣಿಯಲ್ಲಿ ಮೂವರ ಹೆಸರೂ ಜಂಟಿಯಾಗಿದೆ. ತಮಾಷೆ ನೋಡಿ, ಹೊಲ ಕೊಳ್ಳೋಕೆ ಬೇಲಿ ತೆಗೆದದ್ದೂ, ಅತ್ತೆಯ ಪಾಲು ಗಟ್ಟಿ ಮಾಡಿದ್ದೂ ಒಂದೇ ವರ್ಷ.

ಏಜೆಂಟ್ ಹಕ್ಕು ಖುಲಾಸೆ ಪತ್ರ ರೆಡಿ ಮಾಡಿಕೊಂಡೇ ಬಂದಿದ್ದ. ‘ಅಜ್ಜಿ, ನಿಮಗೆ ಒಳಗಡೆ ಎರಡು ಸೈಟ್ ಬಿಟ್ಟುಕೊಡ್ತೀವಿ. ಆರ್‌ಸಿಸಿ ಮನೆ ಕಟ್ಟಿಸಿಕೊಡ್ತೀವಿ. ನಲ್ಲಿ, ಕರೆಂಟು, ಎಲ್ಲ ಫ್ರೀ’ ಅಂದ.

ಅತ್ತೆ ಕೇಳಿದ್ದು ಒಂದೇ. ‘ಹಸ ಎಲ್ಲಿ ಕಟ್ಟಾದಪ್ಪ?’

‘ಒಂದು ಸೈಟಲ್ಲಿ ಮನೆ, ಇನ್ನೊಂದರಲ್ಲಿ ಕಟ್ಕೊಳಿ.’

‘ಪಕ್ಕದ್ ಸೈಟ್ನೋರು ಮೈಸೂರಿಂದ ಬಂದು ಮನೆ ಕಟ್ತಾರೆ. ಗಂಜಲದ ವಾಸ್ನೆ ಅಂತ ನಾಕ್ ದಿನಕ್ಕೆ ಕಂಪ್ಲೇಂಟ್ ಕೊಡ್ತಾರೆ. ಆಗ ನೀನ್ ಬತ್ತೀಯ?’

ಅವನು ನಗುತ್ತಾ ನಮ್ಮಪ್ಪನ ಮುಖ ನೋಡಿದ. ಅಪ್ಪ ಸೂರು ನೋಡಿದರು.

*

ನನ್ನನ್ನ ಬೆಂಗಳೂರಿಂದ ಕರೆಸಿದ್ದು ಅತ್ತೆಗೆ ಬುದ್ಧಿ ಹೇಳೋಕೆ. ಓದಿದವನು, ಸಾಫ್ಟ್‌ವೇರಿನವನು, ನಿನ್ನ ಮಾತು ಕೇಳ್ತಾಳೆ ಅಂತ ಚಿಕ್ಕಪ್ಪ ಫೋನಿನಲ್ಲಿ ಹೇಳಿದ್ದರು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ಪಕ್ಕದಲ್ಲಿ ಕೂತು ಕೇಳಿದೆ. ಯಾಕತ್ತೆ ಬೇಡ ಅಂತೀರಿ?

‘ಮಾರುದ್ರೆ ದುಡ್ ಬತ್ತದೆ, ಇಲ್ಲ ಅನ್ನಾಕಿಲ್ಲ. ಬ್ಯಾಂಕ್ನಲ್ಲಿ ಮಡಗ್ತೀರಿ. ಬಡ್ಡಿ ಬತ್ತದೆ. ನಾನ್ ಎಲ್ಲಿರ್ಲಿ? ನಿಮ್ಮನೇಲಿ ಮೂರ್ ತಿಂಗ್ಳು, ಅವನ್ ಮನೇಲಿ ಮೂರ್ ತಿಂಗ್ಳು, ಮಗಳ್ ಮನೇಲಿ ಮೂರ್ ತಿಂಗ್ಳು. ಇಲ್ಲಿದ್ರೆ ನೀನ್ ನನ್ ಮನೆಗ್ ಬತ್ತೀಯ. ಅಷ್ಟೇ ಕನಪ್ಪ.’

ನಾನು ಆ ಮಾತಿಗೆ ಎದುರು ಹೇಳೋ ಪ್ರಯತ್ನ ಮಾಡಲಿಲ್ಲ. ನೆಲ ತಾಯಿ, ಮಣ್ಣಿನ ಋಣ, ಅರಸು ಕೊಟ್ಟದ್ದು ಅಂತೆಲ್ಲ ಏನಾದರೂ ಹೇಳ್ತಾರೆ ಅಂತ ಕಾದಿದ್ದೆ. ಅದ್ಯಾವುದೂ ಬರಲಿಲ್ಲ. ತಾನೇ ಅತಿಥಿಯಾಗಿ ಬಾಳಬೇಕಾ, ಅತಿಥಿಗಳನ್ನ ಕರೀಬೇಕಾ ಅನ್ನೋದಷ್ಟೇ ಅವರ ಲೆಕ್ಕ. ತವರಿಗೆ ಒಂದು ಸಲ ವಾಪಸ್ ಬಂದವರಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ.

ಆದರೆ ಚಿಕ್ಕಪ್ಪನ ಮಾತನ್ನೂ ಬರೀಬೇಕು, ಇಲ್ಲದಿದ್ದರೆ ಅನ್ಯಾಯ. ಚಿಕ್ಕಪ್ಪನದು ಹೊಗೆಸೊಪ್ಪು. ಹುಣಸೂರು ಪಿರಿಯಾಪಟ್ಟಣದ ಕಡೆಯವರಿಗೆ ಇದು ವಿವರಿಸಬೇಕಿಲ್ಲ, ಬೇರೆಯವರಿಗೆ ಎರಡು ಮಾತು. ವರ್ಜೀನಿಯಾ ತಂಬಾಕನ್ನ ಗಿಡದಿಂದ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ನೇತುಹಾಕಿ, ಹಗಲೂ ರಾತ್ರಿ ಸೌದೆ ಹಾಕಿ ಹದವಾಗಿ ಬೇಯಿಸಬೇಕು. ಶಾಖ ಸ್ವಲ್ಪ ಹೆಚ್ಚು ಕಮ್ಮಿ ಆದರೆ ಬಣ್ಣ ಕೆಡುತ್ತೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ರೇಟಿಲ್ಲ. ತಂಬಾಕು ಮಂಡಳಿಯ ಲೈಸೆನ್ಸು, ಇಷ್ಟೇ ಬೆಳೀಬೇಕು ಅನ್ನೋ ಮಿತಿ, ಸೌದೆ ದರ, ಕೂಲಿ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳ ಮುಂದೆ ಬೇಲು ಹೇರಿಕೊಂಡು ನಿಂತವರ ಮುಖ ನೋಡಿದರೆ ಆ ವರ್ಷ ಮನೆಯಲ್ಲಿ ಮದುವೆ ಇದೆಯೋ ಇಲ್ಲವೋ ಹೇಳಬಹುದು. ಚಿಕ್ಕಪ್ಪನಿಗೆ ಎರಡು ಬೋರ್‌ವೆಲ್ ಕೈಕೊಟ್ಟು, ಮಗಳ ನರ್ಸಿಂಗ್ ಫೀಸು ಸೇರಿ, ಕೈಸಾಲವೇ ಬ್ಯಾಂಕ್ ಸಾಲಕ್ಕಿಂತ ದೊಡ್ಡದಾಗಿತ್ತು.

‘ನೀನು ಬೆಂಗ್ಳೂರಲ್ಲಿ ಏಸಿ ರೂಮಲ್ಲಿ ಕುಂತ್ಕಂಡು ಜಮೀನ್ ಉಳೀಲಿ ಅಂತೀಯ ಮಗ. ಒಂದ್ ರಾತ್ರಿ ಬಾ, ಬ್ಯಾರನ್ ಮುಂದೆ ನಿದ್ದೆಗೆಟ್ಟು ಕುಂತ್ಕೊ. ಆಮ್ಯಾಕೆ ಹೇಳು’ ಅಂದರು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

*

ಬೇರೆ ಕಡೆ ಕೊಡಲ್ಲ ಅಂದವರು ಏನಾದರು ಅಂತ ನೋಡೋಕೆ ಶುರು ಮಾಡಿದೆ. ಅಮೆರಿಕದ ಸಿಯಾಟಲ್‌ನಲ್ಲಿ ಈಡಿತ್ ಮೇಸ್‌ಫೀಲ್ಡ್ ಅಂತ ಒಬ್ಬ ಅಜ್ಜಿ 2006ರಲ್ಲಿ ಹತ್ತು ಲಕ್ಷ ಡಾಲರ್ ಬೇಡ ಅಂದರು. ಅವರ ಪುಟ್ಟ ಮನೆಯ ಮೂರೂ ಕಡೆ ಕಟ್ಟಡ ಎದ್ದಿತು. ಆ ಕಟ್ಟಡ ಕಟ್ಟಿಸುತ್ತಿದ್ದ ಮೇಲ್ವಿಚಾರಕನೇ ಕೊನೆಗಾಲದಲ್ಲಿ ಅಜ್ಜಿಗೆ ಅಡುಗೆ ಮಾಡಿಕೊಟ್ಟು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ನೋಡಿಕೊಂಡ. 2008ರಲ್ಲಿ ತೀರಿಕೊಂಡಾಗ ಅಜ್ಜಿ ಮನೆಯನ್ನ ಅವನಿಗೇ ಬಿಟ್ಟುಹೋಗಿದ್ದರು. ಚೀನಾದಲ್ಲಿ ಇಂಥ ಮನೆಗಳಿಗೆ ‘ಮೊಳೆ ಮನೆ’ ಅಂತಲೇ ಹೆಸರು, ಕೀಳೋಕೆ ಬಾರದ ಮೊಳೆ. ಚೋಂಗ್‌ಚಿಂಗ್‌ನಲ್ಲಿ ಸುತ್ತಲೂ ಆಳವಾಗಿ ಅಗೆದು, ನಡುವೆ ದ್ವೀಪದ ಹಾಗೆ ನಿಂತಿದ್ದ ಮನೆಯ ಫೋಟೋ 2007ರಲ್ಲಿ ಜಗತ್ತೆಲ್ಲ ಓಡಾಡಿತ್ತು. ಕೊನೆಗೆ ಒಪ್ಪಂದವಾಗಿ ಏಪ್ರಿಲ್‌ನಲ್ಲಿ ಅದನ್ನ ಕೆಡವಿದರು.

ದೂರ ಯಾಕೆ, ನಮ್ಮ ನಾಗರಹೊಳೆಯಲ್ಲೇ ಒಂದು ಕಥೆ ಇದೆ. ತೊಂಬತ್ತರ ದಶಕದಲ್ಲಿ ಕಾಡಿನೊಳಗಿನ ಮುರ್ಕಲ್‌ನಲ್ಲಿ ತಾಜ್ ಹೋಟೆಲ್ ಸಮೂಹಕ್ಕೆ ಸರ್ಕಾರ ಗುತ್ತಿಗೆಗೆ ಜಾಗ ಕೊಟ್ಟು ರೆಸಾರ್ಟ್ ಕೆಲಸ ಶುರುವಾಗಿತ್ತು. ಆದಿವಾಸಿಗಳು ಒಗ್ಗಟ್ಟಾಗಿ ಬೇಡ ಅಂದರು, ಬೀದಿಗೂ ಇಳಿದರು, ಹೈಕೋರ್ಟಿಗೂ ಹೋದರು. 1997ರ ಜನವರಿಯಲ್ಲಿ ಕೋರ್ಟು ಆ ಗುತ್ತಿಗೆ ಕಾನೂನುಬಾಹಿರ ಅಂದಿತು. ಗಮನಿಸಿ, ಅವರ ಕೈಯಲ್ಲಿ ಪಹಣಿ ಇರಲಿಲ್ಲ, ಸಹಿ ಹಾಕಿ ಅಂತ ಯಾರೂ ಅವರನ್ನ ಕೇಳಿರಲೂ ಇಲ್ಲ. ಇನ್ನು 2025ರ ಜುಲೈ 15ರಂದು ಏನಾಯ್ತು ಅಂತ ನಿಮಗೆಲ್ಲ ಗೊತ್ತು. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಅಷ್ಟು ಹೊತ್ತಿಗೆ ರೈತರು ಧರಣಿ ಕೂತು ಮೂರು ವರ್ಷ ದಾಟಿತ್ತು. 2013ರ ಕೇಂದ್ರ ಕಾಯ್ದೆಯಲ್ಲಿ ಖಾಸಗಿ ಕಂಪನಿಗೆ ಜಮೀನು ತೆಗೆದುಕೊಡಬೇಕಾದರೆ ಶೇಕಡಾ 80ರಷ್ಟು ಜನರ ಒಪ್ಪಿಗೆ ಬೇಕು ಅಂತಿದೆ. 1966ರ ಕೆಐಎಡಿಬಿ ಕಾಯ್ದೆಯಲ್ಲಿ ಆ ಷರತ್ತಿಲ್ಲ. ಹಾಗಾಗಿ ಆ ರೈತರು ‘ಕೊಡಲ್ಲ’ ಅನ್ನೋದನ್ನ ಕಾಗದದ ಮೇಲಲ್ಲ, ರಸ್ತೆಯಲ್ಲಿ ಕೂತು ಹೇಳಬೇಕಾಯ್ತು.

ನಮ್ಮ ಸೀಮೆಯ ಹಿರಿಯರಿಗೆ ಈ ಭಾಗ್ಯವೂ ಇರಲಿಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಮುಳುಗಿದ ಊರುಗಳನ್ನ ಯಾರೂ ಕೇಳಲಿಲ್ಲ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಕಬಿನಿ ಕಟ್ಟೆ ಮುಗಿದಾಗಲೂ ಹಾಗೇ. ತಾತನಂಥವರಿಗೆ ಸರ್ಕಾರ ಹೊಲ ಕೊಟ್ಟ ವರ್ಷವೇ ಅಲ್ಲಿಯವರ ಹೊಲ ನೀರಿನಡಿ ಹೋಗಿತ್ತು. ಈಗ ಅದೇ ಹಿನ್ನೀರಿನ ದಡದಲ್ಲಿ ರೆಸಾರ್ಟುಗಳು.

ಇದನ್ನೆಲ್ಲ ಓದಿದ ಮೇಲೆ ನನಗನ್ನಿಸಿದ್ದು ಇಷ್ಟು. ಸರ್ಕಾರ ಕೇಳಿದಾಗ ‘ಇಲ್ಲ’ ಅನ್ನೋಕೆ ಊರಿಗೆ ಊರೇ ಬೇಕು. ಲೇಔಟಿನವನು ಕೇಳಿದಾಗ ಒಬ್ಬರೇ ಸಾಕು, ಕಾನೂನು ಅವರ ಕಡೆಗಿದೆ. ಆದರೆ ಆ ಒಬ್ಬರ ಎದುರು ನಿಲ್ಲೋದು ಲೇಔಟಿನವನಲ್ಲ, ಒಡಹುಟ್ಟಿದವರು. ಅಲ್ಲೇ ಕಷ್ಟ ಇರೋದು.

*

ಕೊನೆಗೆ ಆದದ್ದು ಹೀಗೆ. ಅತ್ತೆಯೇ ದಾರಿ ಹೇಳಿದರು. ‘ನನ್ ಪಾಲು ಪೋಡಿ ಮಾಡ್ಸಿ ಕೊಡಿ. ನಿಮ್ಮದು ನೀವು ಏನಾರ ಮಾಡ್ಕಳಿ, ನಾನ್ ಅಡ್ಡ ಬರಾಕಿಲ್ಲ.’ ಭಾಗಪತ್ರ ರಿಜಿಸ್ಟರ್ ಆಯ್ತು, ಸರ್ವೆ ಆಯ್ತು, ಮೂರು ಹಿಸ್ಸಾ ಆಯ್ತು. ಮನೆ, ಬಾವಿ ಇರುವ ಮುಂಭಾಗ ಅತ್ತೆಗೆ. ನಡುವಿನದು ಅಪ್ಪನಿಗೆ. ಹಿಂದಿನದು ಚಿಕ್ಕಪ್ಪನಿಗೆ. ರಸ್ತೆ ಮುಖ ಇಲ್ಲ ಅಂತ ಲೇಔಟಿನವರು ರೇಟನ್ನ 1 ಲಕ್ಷ 25 ಸಾವಿರಕ್ಕೆ ಇಳಿಸಿದರು. ಅಪ್ಪ ಮಾರಲಿಲ್ಲ, ಅಕ್ಕನ ಬೆನ್ನಿಗೆ ಲೇಔಟ್ ಬರೋದು ಬೇಡ ಅಂದರು. (ಅಪ್ಪನಿಗೆ ಸಾಲ ಇರಲಿಲ್ಲ, ಪೆನ್ಷನ್ ಇದೆ. ಹಾಗಾಗಿ ಅದು ಹೇಳೋಕೆ ಸುಲಭವೂ ಆಗಿತ್ತು.) ಚಿಕ್ಕಪ್ಪ ಮಾರಿದರು. ಪಕ್ಕದ ಲೇಔಟಿನ ಕಡೆಯಿಂದ ಅದಕ್ಕೆ ದಾರಿ ಆಯ್ತು.

77 ಲಕ್ಷ ಬರಬೇಕಿದ್ದ ಕಡೆ ಚಿಕ್ಕಪ್ಪನಿಗೆ ಬಂದದ್ದು 55. ಸಾಲ ತೀರಿತು, ಹುಣಸೂರಿನಲ್ಲಿ ಒಂದು ಮನೆಯೂ ಆಯ್ತು. ಆದರೆ ಆ 22 ಲಕ್ಷ ನಮ್ಮ ಮನೆಯಲ್ಲಿ ಒಂದು ಗೋಡೆಯ ಹಾಗೆ ನಿಂತುಬಿಟ್ಟಿದೆ. ಅತ್ತೆಗೆ ಅದು ಗೊತ್ತು. ‘ಅವನಿಗೆ ನನ್ನಿಂದ ಲಾಸ್ ಆಯ್ತು’ ಅಂತ ಅವರೇ ಹೇಳ್ತಾರೆ, ತಪ್ಪು ಮಾಡಿದೆ ಅಂತ ಮಾತ್ರ ಹೇಳಲ್ಲ.

ಲೇಔಟಿನವರು ಆಮೇಲೆ ಕಾಂಪೌಂಡ್ ಹಾಕುವಾಗ ಕೆರೆಗೆ ಹೋಗುವ ಬಂಡಿದಾರಿಯನ್ನೂ ಸೇರಿಸಿ ಮುಚ್ಚಿದರು. ಅತ್ತೆ ಹಸು ಹೊಡೆದುಕೊಂಡು ಹೋಗೋದು ಅದೇ ದಾರಿಯಲ್ಲಿ. ಕಂದಾಯ ಇಲಾಖೆಯ ವೆಬ್‌ಸೈಟಿನಿಂದ ಗ್ರಾಮ ನಕಾಶೆ ಇಳಿಸಿ, ದೊಡ್ಡದಾಗಿ ಪ್ರಿಂಟ್ ತೆಗೆದು ಕಳಿಸಿಕೊಟ್ಟೆ. ನಕಾಶೆ ಕಂಡ ದಾರಿ ಯಾರಪ್ಪನದೂ ಅಲ್ಲ, ಊರಿನದು. ಅತ್ತೆ ಆ ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಾಲ್ಲೂಕು ಕಚೇರಿಗೆ ನಾಲ್ಕು ಸಲ ಹೋದರು, ಈ ಸಲ ಬಸ್ಸಿನಲ್ಲಿ. ಸರ್ವೆಯವರು ಬಂದು ಅಳೆದರು. ಕಾಂಪೌಂಡ್ ಹನ್ನೆರಡು ಅಡಿ ಹಿಂದೆ ಸರೀತು. ಈಗ ಆ ದಾರಿಯಲ್ಲಿ ಲೇಔಟಿನ ವಾಚ್‌ಮನ್ ಸಂಜೆ ಹಾಲು ಕೊಳ್ಳೋಕೆ ಅತ್ತೆಯ ಹತ್ತಿರವೇ ಬರ್ತಾನೆ.

ಓದ್ತಿರೋ ಸ್ನೇಹಿತರಿಗೆ ಒಂದು ಮಾತು. ಊರಲ್ಲಿ ಜಮೀನು ಇದ್ದವರು ಪಹಣಿ ಒಮ್ಮೆ ತೆಗೆದು ನೋಡಿ. ಜಂಟಿ ಹೆಸರಿದ್ದರೆ, ಎಲ್ಲರೂ ಚೆನ್ನಾಗಿ ಮಾತಾಡುತ್ತಿರುವಾಗಲೇ ಭಾಗ, ಪೋಡಿ ಮಾಡಿಸಿಕೊಳ್ಳಿ. ಬ್ರೋಕರ್ ಮನೆ ಬಾಗಿಲಿಗೆ ಬಂದ ಮೇಲೆ ಪಾಲು ಮಾಡಿದರೆ ಪ್ರತಿ ಗುಂಟೆಗೂ ಒಂದು ರೇಟು ಅಂಟಿಕೊಂಡಿರುತ್ತೆ. ಮತ್ತೆ ಹೆಣ್ಣುಮಕ್ಕಳಿಂದ ಸಹಿ ಹಾಕಿಸೋ ಮೊದಲು, ಅವರು ಎಲ್ಲಿರ್ತಾರೆ ಅಂತ ಒಂದು ಸಲ ಕೇಳಿ.

ಗೌರಿ ಹಬ್ಬಕ್ಕೆ ಅಪ್ಪ, ಚಿಕ್ಕಪ್ಪ ಇಬ್ಬರೂ ಒಟ್ಟಿಗೆ ಹೋಗಿ ಅತ್ತೆಗೆ ಬಾಗಿನ ಕೊಡೋದು ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದೇನೆ. ಈ ಸಲ ಅಪ್ಪ ಒಬ್ಬರೇ ಹೋಗಿದ್ದರು. ಚಿಕ್ಕಪ್ಪ ಬರಲಿಲ್ಲ, ಚಿಕ್ಕಮ್ಮನ ಕೈಯಲ್ಲಿ ಸೀರೆ ಕಳಿಸಿದ್ದರು. ಅತ್ತೆ ಅದನ್ನ ಉಟ್ಟಿಲ್ಲ, ವಾಪಸ್ಸೂ ಕಳಿಸಿಲ್ಲ. ‘ಅವನೇ ಬಂದು ಕೊಡ್ಲಿ, ಆಗ ಉಡ್ತೀನಿ’ ಅಂತ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನನ್ನ ಬೈಕಿನಲ್ಲಿ ಕೂರಿಸಿಕೊಂಡು ಹೊಲದ ಕಡೆ ಹೋಗಬೇಕು ಅಂತಿದ್ದೇನೆ. ಬರ್ತಾರಾ ಇಲ್ಲವಾ ಗೊತ್ತಿಲ್ಲ.